ಖರ್ಚಿನ ಮಾತಿಗೂ ಒಂದು ಕಟ್ಟೆ ಬೇಕು

(ಸದಸ್ಯ ಶಿಕ್ಷಣ ಪಾಠ. ಊರಿನ ಬೆಳೆಗಾರರ ಗುಂಪಿನಲ್ಲಿ ಓದಿ ಚರ್ಚಿಸುವುದಕ್ಕಾಗಿ)



ನಮ್ಮ ಸಂಘದ ಜಗಲಿಯಲ್ಲಿ ಯಾವ ದಿನ ಬಂದು ಕುಳಿತರೂ ಕಿವಿಗೆ ಬೀಳುವುದು ಧಾರಣೆಯ ಮಾತು. ಚೆರ್ರಿಗೆ ಇಂದು ಎಷ್ಟು, ಪಾರ್ಚ್‌ಮೆಂಟಿಗೆ ಎಷ್ಟು, ಶಿವಮೊಗ್ಗದಲ್ಲಿ ರಾಶಿ ಅಡಿಕೆ ಏರಿತೋ ಇಳಿಯಿತೋ ಎಂಬುದನ್ನು ಎಲ್ಲರೂ ಬಾಯಿ ತುಂಬ ಮಾತನಾಡುತ್ತಾರೆ. ಆದರೆ ಅದೇ ಜಗಲಿಯಲ್ಲಿ, ‘ಈ ವರ್ಷ ನನ್ನ ತೋಟಕ್ಕೂ ಮನೆಗೂ ಇಷ್ಟು ಖರ್ಚಾಯಿತು, ಇಂಥದ್ದಕ್ಕೆ ಸಾಲ ಮಾಡಿದೆ, ಮುಂದೇನು ಮಾಡಲಿ?’ ಎಂದು ಕೇಳುವವರು ಅಪರೂಪ. ಧಾರಣೆ ನಮ್ಮ ಕೈಯಲ್ಲಿಲ್ಲ. ಅದು ಬ್ರೆಜಿಲ್, ವಿಯೆಟ್ನಾಂಗಳ ಬೆಳೆಯನ್ನೂ ಲಂಡನ್, ನ್ಯೂಯಾರ್ಕ್‌ಗಳ ಪೇಟೆಯನ್ನೂ ಅವಲಂಬಿಸಿದೆ. ಖರ್ಚಿನ ಬಹುಭಾಗ ಮಾತ್ರ ನಮ್ಮ ಕೈಯಲ್ಲೇ ಇದೆ. ಕೈಯಲ್ಲಿಲ್ಲದ್ದರ ಬಗ್ಗೆ ದಿನವಿಡೀ ಮಾತನಾಡಿ, ಕೈಯಲ್ಲಿರುವುದರ ಬಗ್ಗೆ ಬಾಯಿ ಬಿಡದಿರುವುದು ನಮ್ಮಲ್ಲಿ ಬೆಳೆದುಬಂದ ರೂಢಿ.

ಈ ಪಾಠದ ಉದ್ದೇಶ ಸರಳ. ಖರ್ಚು ಮಾಡುವ ಮೊದಲು ನಾಲ್ಕು ಜನ ನೆರೆಹೊರೆಯವರೊಂದಿಗೆ ಸ್ನೇಹದಿಂದ ಮಾತನಾಡುವ ಅಭ್ಯಾಸವಿದ್ದರೆ ಖರ್ಚು ಇಳಿಯುತ್ತದೆ, ಸಾಲ ಬಚ್ಚಿಡುವುದು ತಪ್ಪುತ್ತದೆ ಎಂಬುದನ್ನು ಕಂಡ ಉದಾಹರಣೆಗಳಿಂದ ತಿಳಿಯುವುದು.

ಈಗಲೇ ಏಕೆ ಈ ಮಾತು?

ಧಾರಣೆ ಬಿದ್ದಾಗ ಮಿತವ್ಯಯದ ಮಾತು ತಾನಾಗಿ ಬರುತ್ತದೆ. ಆದರೆ ಆ ಹೊತ್ತಿಗೆ ಕಾಲ ಮೀರಿರುತ್ತದೆ. 1994ರಲ್ಲಿ ಬ್ರೆಜಿಲ್‌ನ ತೋಟಗಳಿಗೆ ಹಿಮ ಬಡಿದು ಕಾಫಿಯ ಬೆಲೆ ಒಮ್ಮೆಲೇ ಏರಿದ್ದನ್ನು ಹಿರಿಯ ಸದಸ್ಯರು ಮರೆತಿರಲಾರರು. ಮನೆ, ಜೀಪು, ಮದುವೆ ಎಲ್ಲವೂ ಆ ಬೆಲೆಯ ಲೆಕ್ಕದಲ್ಲೇ ನಡೆದವು. 2001ರ ಹೊತ್ತಿಗೆ ಬೆಲೆ ನೆಲ ಕಚ್ಚಿತು. ಬೆಲೆ ಇಳಿಯಿತೇ ಹೊರತು ಆ ಬೆಲೆಯನ್ನು ನಂಬಿ ಮಾಡಿದ ಸಾಲ ಇಳಿಯಲಿಲ್ಲ. ನಮ್ಮ ವರಮಾನ ವರ್ಷಕ್ಕೊಮ್ಮೆ ಬರುತ್ತದೆ, ಖರ್ಚು ಮುನ್ನೂರ ಅರವತ್ತೈದು ದಿನವೂ ಇರುತ್ತದೆ. ಕೊಯ್ಲಿನ ಹಣ ಕೈಗೆ ಬಂದ ಎರಡು ತಿಂಗಳು ನಾವೆಲ್ಲ ಶ್ರೀಮಂತರು. ಮಳೆಗಾಲ ಹಿಡಿದ ಮೇಲೆ ಗುಟ್ಟಾಗಿ ಕೈಸಾಲ ಹುಡುಕುವವರು ನಮ್ಮಲ್ಲಿ ಎಷ್ಟು ಮಂದಿ ಎಂಬುದು ಅವರವರಿಗೇ ಗೊತ್ತು.

ಸಂಘದ ಕಾರ್ಯದರ್ಶಿಯಾಗಿ ನಾನು ಕಂಡ ಒಂದು ಸಂಗತಿಯನ್ನು ಹೆಸರು ಹೇಳದೆ ತಿಳಿಸುತ್ತೇನೆ. ಎರಡೂವರೆ ಎಕರೆಯ ಬೆಳೆಗಾರರೊಬ್ಬರು ಸಂಘದಲ್ಲಿ ಎಂದೂ ಸುಸ್ತಿಯಾದವರಲ್ಲ. ಒಂದು ದಿನ ಬಂದು ಕೆಳಗಿನ ತಾಕನ್ನು ಮಾರಬೇಕಾಗಿದೆ, ಗಿರಾಕಿ ಇದ್ದರೆ ಹೇಳಿ ಎಂದರು. ವಿಚಾರಿಸಿದಾಗ ಹೊರಗೆ ಮೂರು ಕಡೆ ಸಾಲವಿದ್ದುದು ತಿಳಿಯಿತು. ಸಂಘಕ್ಕೆ ಕಟ್ಟಲೆಂದೇ ಹೊರಗೆ ಹೆಚ್ಚಿನ ಬಡ್ಡಿಗೆ ತಂದಿದ್ದರು! ಅವರ ಮನೆಗೂ ಅಣ್ಣನ ಮನೆಗೂ ನಡುವೆ ಇರುವುದು ಒಂದೇ ಬೇಲಿ. ಅಣ್ಣನಿಗೆ ಈ ವಿಷಯ ಗೊತ್ತಿರಲಿಲ್ಲ. ಮೊದಲ ಸಾಲದ ದಿನವೇ ಬೇಲಿಯ ಮೇಲೆ ಒಂದು ಮಾತು ಆಡಿದ್ದರೆ ತಾಕು ಉಳಿಯುತ್ತಿತ್ತು.

ಒಣನಾಡಿನವರ ಹತ್ತಿರ ಒಂದು ಪಾಠ

ಖರ್ಚಿನ ಮಾತನ್ನು ಸಂಕೋಚವಿಲ್ಲದೆ ಆಡುವ ಜನರನ್ನು ಕಾಣಬೇಕಾದರೆ ನಮ್ಮ ಮಲೆನಾಡು ಬಿಟ್ಟು ಬಾಗಲಕೋಟೆಯ ಕಡೆ ಹೋಗಬೇಕು. 1997ರಲ್ಲಿ ವಿಜಾಪುರದಿಂದ ಬೇರ್ಪಟ್ಟ ಜಿಲ್ಲೆ ಅದು. ನಮ್ಮಲ್ಲಿ ಜುಲೈ ಒಂದೇ ತಿಂಗಳಲ್ಲಿ ಬೀಳುವಷ್ಟು ಮಳೆ ಅಲ್ಲಿನ ಬಾದಾಮಿ, ಹುನಗುಂದಗಳಲ್ಲಿ ಇಡೀ ವರ್ಷಕ್ಕೂ ಬೀಳುವುದಿಲ್ಲ. ಒಂದು ಮಳೆ ತಪ್ಪಿದರೆ ಜೋಳವಿಲ್ಲ. ಗುಳೇದಗುಡ್ಡದ ಖಣ, ಇಳಕಲ್ಲಿನ ಸೀರೆ ನೇಯುವವರಲ್ಲಿ ಸಾವಕಾರರಿಂದ ನೂಲು ಪಡೆದು ಕೂಲಿಗೆ ನೇಯುವವರು ಬಹಳ. ಕೈಗೆ ಬರುವುದು ಕಡಿಮೆ, ಅದೂ ಖಚಿತವಿಲ್ಲ. ಅಂಥವರು ಮನೆ ನಡೆಸುವ ರೀತಿಯಲ್ಲಿ ನಾವು ಕಲಿಯಬೇಕಾದದ್ದು ಇದೆ ಎಂದು ನಮ್ಮ ಕೆಲವು ಸದಸ್ಯರು ಜನವರಿಯಲ್ಲಿ, ಬನಶಂಕರಿ ಜಾತ್ರೆಯ ಹೊತ್ತಿಗೆ, ಆ ಕಡೆ ಹೋಗಿದ್ದೆವು.

ಇಳಕಲ್ಲಿನಲ್ಲಿ ಒಬ್ಬ ನೇಕಾರರ ಮನೆಯಲ್ಲಿ ಮಗ್ಗ ನೋಡುತ್ತ ಕುಳಿತಿದ್ದಾಗ ಪಡಸಾಲೆಯಲ್ಲಿ ಓಣಿಯ ಹೆಣ್ಣುಮಕ್ಕಳು ಸೇರಿದರು. ಅಂದು ಅವರ ಭಿಶಿಯ ದಿನ. ನಮ್ಮಲ್ಲಿ ಚೀಟಿ ಎನ್ನುವುದನ್ನು ಅಲ್ಲಿ ಭಿಶಿ ಎನ್ನುತ್ತಾರೆ. ಹನ್ನೆರಡು ಜನ, ತಿಂಗಳಿಗೆ ತಲಾ 500 ರೂಪಾಯಿ. ಕೂಡಿದ 6,000 ರೂಪಾಯಿ ಚೀಟಿ ಎತ್ತಿದಂತೆ ಒಬ್ಬೊಬ್ಬರಿಗೆ ಹೋಗುತ್ತದೆ. ಇದರಲ್ಲಿ ಬಡ್ಡಿಯಿಲ್ಲ, ಲಾಭವಿಲ್ಲ. ಹಾಗಿದ್ದ ಮೇಲೆ ಇದರಿಂದೇನು ಪ್ರಯೋಜನ ಎಂದು ಲೆಕ್ಕ ಬಲ್ಲವರು ಕೇಳಬಹುದು. ಅದರ ಉತ್ತರ ಅವರ ಮಾತಿನಲ್ಲಿತ್ತು.

‘ಈ ಸಲ ಭಿಶಿ ನಂಗ ಬಂದ್ರ ಹೊಸಾ ಮಿಕ್ಸರ್ ತರಬೇಕಂತ ಮಾಡೀನ್ರಿ ಯಕ್ಕಾ.’

‘ಹಳೇದಕ್ಕ ಏನಾಗೇತಿ?’

‘ಭಾಳ ಸಪ್ಪಳ ಮಾಡತೈತ್ರಿ.’

‘ಸಪ್ಪಳ ಮಾಡಿದ್ರ ಮಾಡ್ಲಿ ಬಿಡು, ಅರಿತೈತೋ ಇಲ್ಲೋ? ನಂದೂ ಹಂಗ ಮಾಡತಿತ್ತು. ಪ್ಯಾಟ್ಯಾಗ ರಿಪೇರಿಯಾಂವಗ ಕೊಟ್ಟೆ. ನೂರಾ ಐವತ್ತು ರೂಪಾಯಿದಾಗ ಮುಗೀತು.’

‘ಹಂಗಾರ ನಾಳೆ ನನ್ನೂ ಕರಕೊಂಡು ಹೋಗ್ರಿ.’

‘ಹೋಗೂಣಂತ. ಆದ್ರ ಉಳಿದ ರೊಕ್ಕ ಒಯ್ದು ಜಾತ್ರ್ಯಾಗ ಬಳಿ ಅಂಗಡಿಗೆ ಕೊಟ್ಟು ಬರಬ್ಯಾಡ ಮತ್ತ!’

ಎಲ್ಲರೂ ನಕ್ಕರು. ಸಾವಿರಾರು ರೂಪಾಯಿಯ ಖರ್ಚೊಂದು ಐದು ನಿಮಿಷದಲ್ಲಿ ನೂರೈವತ್ತಕ್ಕೆ ಇಳಿಯಿತು. ಯಾರೂ ಉಪದೇಶ ಮಾಡಲಿಲ್ಲ, ಯಾರಿಗೂ ಅವಮಾನವಾಗಲಿಲ್ಲ.

ಆಮೇಲೆ ಮನೆಯ ಹಿರಿಯಾಕೆ ಇನ್ನೊಂದು ಸಂಗತಿಯನ್ನು, ಅದೂ ಹೆಸರು ಹೇಳದೆ, ನಮಗೆ ತಿಳಿಸಿದರು. ಹಿಂದಿನ ವರ್ಷ ಭಿಶಿಯ ಒಬ್ಬ ಸೊಸೆ ಎರಡು ತಿಂಗಳು ಮಾತಿಲ್ಲದೆ ಕುಳಿತಿದ್ದಳಂತೆ. ‘ಯಾಕ ತಂಗಿ, ಸುಮ್ಮ ಕುಂತಿ?’ ಎಂದು ಕೇಳಿದ ಮೇಲೆ ಬಾಯಿ ಬಿಟ್ಟಳು. ಗಂಡನ ಆಸ್ಪತ್ರೆ ಖರ್ಚಿಗೆ 20,000 ರೂಪಾಯಿ ಸಾಲ ತಂದಿದ್ದಳು. ಬಡ್ಡಿ ನೂರಕ್ಕೆ ತಿಂಗಳಿಗೆ ಐದು. ತಿಂಗಳಿಗೆ 1,000ದಂತೆ ಹನ್ನೊಂದು ತಿಂಗಳು ಕಟ್ಟಿದ್ದಳು. 11,000 ಹೋಗಿತ್ತು, ಅಸಲು ಹಾಗೆಯೇ ಇತ್ತು. ಅಂದು ಚೀಟಿ ಎತ್ತಲೇ ಇಲ್ಲ. ಆ ತಿಂಗಳ 6,000 ಅವಳಿಗೇ ಕೊಟ್ಟರು. ಮುಂದಿನ ತಿಂಗಳ ಸರದಿ ಬಂದವರು ತಮ್ಮ 6,000ವನ್ನೂ ಬಡ್ಡಿಯಿಲ್ಲದ ಕೈಗಡವಾಗಿ ಕೊಟ್ಟರು. ಅಸಲು 8,000ಕ್ಕೆ ಇಳಿಯಿತು, ತಿಂಗಳ ಬಡ್ಡಿ 400 ಆಯಿತು. ಆರು ತಿಂಗಳೊಳಗೆ ಸಾಲ ತೀರಿತು. ‘ಕೇಳದಿದ್ರ ಅಕಿ ಮಗ್ಗಾ ಮಾರತಿದ್ಲು’ ಎಂದರು ಆ ತಾಯಿ.

ಭಿಶಿಯ ಲಾಭ ಇದು. ಹಣ ಕೂಡಿಸುವುದು ನೆಪ, ತಿಂಗಳಿಗೊಮ್ಮೆ ಕುಳಿತು ಮಾತನಾಡುವುದೇ ಅದರ ನಿಜವಾದ ಪ್ರಯೋಜನ.

ಎಲ್ಲಿ ಬೇಕೋ ಅಲ್ಲಿ ಮಾತ್ರ

ಮಿತವ್ಯಯವೆಂದರೆ ಎಲ್ಲವನ್ನೂ ಕಡಿಮೆ ಮಾಡುವುದಲ್ಲ ಎಂಬುದಕ್ಕೆ ಇಳಕಲ್ ಸೀರೆಯೇ ಸಾಕ್ಷಿ. ರೂಢಿಯ ಇಳಕಲ್ ಸೀರೆಯ ಮೈ ಹತ್ತಿ, ಸೆರಗು ಮತ್ತು ದಡಿ ರೇಷ್ಮೆ. ಸವೆಯುವ ಕಡೆ ಗಟ್ಟಿ ಹತ್ತಿ, ಕಾಣುವ ಕಡೆ ಮಾತ್ರ ಬೆಲೆಯ ನೂಲು. ಸೆರಗಿನ ಹಾಸಿನ ಎಳೆಗಳನ್ನು ಮೈಯ ಹಾಸಿನ ಎಳೆಗಳಿಗೆ ಕೊಂಡಿ ಹಾಕಿ ಕೂಡಿಸುವ ಈ ಕೆಲಸಕ್ಕೆ ಸೀರೆ ಸೀರೆಗೂ ಬೇರೆ ಹಾಸು ಸಿದ್ಧಪಡಿಸಬೇಕು. ಶ್ರಮ ಹೆಚ್ಚು. ಆದರೆ ಹಣವಿಲ್ಲದ ಮನೆಯ ಹೆಣ್ಣುಮಗಳೂ ರೇಷ್ಮೆ ಸೆರಗು ಹೊದ್ದು ಮದುವೆಗೆ ಹೋಗುವಂತಾಯಿತು.

ಊಟದಲ್ಲೂ ಇದೇ ಲೆಕ್ಕ. ಖಡಕ್ ರೊಟ್ಟಿಯನ್ನು ನಾಲ್ಕಾರು ಜನ ಸೇರಿ ಒಂದೇ ದಿನ ಬಡಿದು ಒಟ್ಟಿ ಇಡುತ್ತಾರೆ. ಅದು ದಿನಗಟ್ಟಲೆ ಕೆಡುವುದಿಲ್ಲ. ಒಮ್ಮೆ ಒಲೆ ಹೊತ್ತಿಸಿದರೆ ಹಲವು ದಿನದ ಉರುವಲು ಉಳಿತಾಯ. ರೊಟ್ಟಿ ಬಡಿಯುವ ಹೊತ್ತು ಮಾತಿನ ಹೊತ್ತೂ ಹೌದು. ಬನಶಂಕರಿ ಗುಡಿಯ ಹತ್ತಿರ ಬುಟ್ಟಿ ಹೊತ್ತು ತಂದು ರೊಟ್ಟಿ, ಝುಣಕ, ಚಟ್ನಿ, ಮೊಸರು ಬಡಿಸುವ ತಾಯಂದಿರನ್ನು ನೋಡಿರಿ. ಅಂಗಡಿ ಬಾಡಿಗೆಯಿಲ್ಲ, ಬೋರ್ಡಿಲ್ಲ. ಮನೆಯಲ್ಲೇ ಮಾಡಿದ್ದು, ಕಟ್ಟೆಯ ಮೇಲೆ ಬಡಿಸಿದ್ದು. ವ್ಯಾಪಾರದ ಮೇಲ್ಖರ್ಚು ಎಷ್ಟು ಕಡಿಮೆ ಇರಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಕಾಲೇಜಿನಲ್ಲೂ ಸಿಗಲಾರದು.

ಬಾಯಿ ಬಿಟ್ಟು ಹೇಳುವುದರ ಬಲ

ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಶಿವಯೋಗಿಗಳು 2018ರಲ್ಲಿ ಲಿಂಗೈಕ್ಯರಾದರು. ಅವರು ಊರೂರು ತಿರುಗಿ ಒಡ್ಡಿದ ಜೋಳಿಗೆ ನಾಡಿಗೇ ಪರಿಚಿತ. ಅದಕ್ಕೆ ಅವರು ಕಾಳು, ಕಾಸು ಬೇಡಲಿಲ್ಲ. ಕುಡಿತ, ತಂಬಾಕು ಮುಂತಾದ ಚಟಗಳನ್ನು ಅದರಲ್ಲಿ ಹಾಕಿಬಿಡಿರೆಂದು ಕೇಳಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತಿದೆ. ಮನಸ್ಸಿನಲ್ಲೇ ‘ನಾಳೆಯಿಂದ ಬಿಡುತ್ತೇನೆ’ ಎಂದುಕೊಂಡರೆ ಆ ನಾಳೆ ಬರುವುದಿಲ್ಲ. ಊರವರ ಎದುರು ಹೇಳಿದರೆ ನಾಳೆ ಬೆಳಿಗ್ಗೆ ಊರೇ ನೆನಪಿಸುತ್ತದೆ. ದಿನಕ್ಕೆ 40 ರೂಪಾಯಿಯ ಚಟ ವರ್ಷಕ್ಕೆ 14,600 ರೂಪಾಯಿ ಎಂಬ ಲೆಕ್ಕವೂ ಗುಂಪಿನಲ್ಲಿ ಹೇಳಿದಾಗಲೇ ಮನಸ್ಸಿಗೆ ನಾಟುತ್ತದೆ.

ಸಹಕಾರ ಹುಟ್ಟಿದ್ದೂ ಹೀಗೆಯೇ

ನಮ್ಮ ಸಂಘದ ಬೇರು ಇಂಥ ಮಾತಿನಲ್ಲೇ ಇದೆ. ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದಲ್ಲಿ ನೇಕಾರರೂ ಇತರ ಕಸಬಿನವರೂ ಸೇರಿದ 28 ಮಂದಿ ವಾರಕ್ಕೆ ಎರಡು ಮೂರು ಪೆನ್ನಿ ಕೂಡಿಸುತ್ತ, ದುಬಾರಿ ಮತ್ತು ಕಲಬೆರಕೆ ದಿನಸಿಯಿಂದ ತಪ್ಪಿಸಿಕೊಳ್ಳುವ ಬಗೆಯನ್ನು ಚರ್ಚಿಸಿದರು. 28 ಪೌಂಡು ಕೂಡಿದ ಮೇಲೆ 1844ರ ಡಿಸೆಂಬರ್ 21ರಂದು ಒಂದು ಅಂಗಡಿ ತೆರೆದರು. ಮೊದಲು ಇಟ್ಟ ಸರಕು ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದ ಬತ್ತಿಯಂಥ ಕೆಲವೇ ಸಾಮಾನು. ಸಾಲದ ವ್ಯಾಪಾರವಿಲ್ಲ, ತೂಕದಲ್ಲಿ ಮೋಸವಿಲ್ಲ. ಪ್ರಪಂಚದ ಸಹಕಾರ ಚಳವಳಿಗೆ ದಾರಿ ತೋರಿಸಿದ್ದು ಆ ಅಂಗಡಿ.

ನಮ್ಮ ನಾಡಿನಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ರೈತರ ಪತ್ತಿನ ಸಹಕಾರ ಸಂಘ ಕಟ್ಟಿದರು. 1980ರ ದಶಕದಲ್ಲಿ ಮೈರಾಡ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಸಣ್ಣ ಉಳಿತಾಯ ಗುಂಪುಗಳನ್ನು ಬೆಳೆಸಿತು. 1992ರಲ್ಲಿ ನಬಾರ್ಡ್ ಅಂಥ ಗುಂಪುಗಳಿಗೆ ಬ್ಯಾಂಕಿನ ಸಾಲ ಕೊಡಿಸುವ ಪ್ರಯೋಗ ಆರಂಭಿಸಿತು. ಇಂದಿನ ಸ್ತ್ರೀಶಕ್ತಿ, ಸ್ವಸಹಾಯ ಗುಂಪುಗಳಿಗೆಲ್ಲ ಅದೇ ಹಾದಿ. ಇವೆಲ್ಲದರಲ್ಲಿ ಸಮಾನವಾದದ್ದು ಒಂದೇ: ಚಿಕ್ಕ ಗುಂಪು, ಗೊತ್ತಾದ ದಿನ, ಮುಚ್ಚುಮರೆಯಿಲ್ಲದ ಮಾತು. ಸಂಘ ದೊಡ್ಡದಾದಂತೆ ಲೆಕ್ಕಪತ್ರ ಉಳಿಯಿತು, ಮಾತು ಹಿಂದೆ ಬಿತ್ತು. ವರ್ಷಕ್ಕೊಮ್ಮೆ ಮಹಾಸಭೆಯಲ್ಲಿ ಕಾಫಿ ಕುಡಿದು ಏಳುವುದರಿಂದ ಆ ಕೊರತೆ ತುಂಬುವುದಿಲ್ಲ.

ನಮ್ಮಲ್ಲಿ ನಡೆಸುವ ಬಗೆ

ಒಂದೊಂದು ಊರಿನಲ್ಲಿ ಎಂಟು ಹತ್ತು ಮನೆಯವರು ಸೇರಿ ಈ ಕ್ರಮದಲ್ಲಿ ಪ್ರಯತ್ನಿಸಬಹುದು.

1. ತಿಂಗಳಿಗೆ ಒಂದು ಸಂಜೆ, ಗೊತ್ತಾದ ದಿನ. ಸರದಿಯ ಪ್ರಕಾರ ಒಬ್ಬೊಬ್ಬರ ಮನೆ. ಕಾಫಿ ಮಾತ್ರ. ತಿಂಡಿ ಮಾಡಿದರೆ ಮುಂದಿನ ಮನೆಯವರಿಗೆ ಅದೇ ಹೊರೆಯಾಗುತ್ತದೆ.

2. ಗಂಡಸರಷ್ಟೇ ಸೇರಿದರೆ ಅರ್ಧ ಲೆಕ್ಕ ಹೊರಗುಳಿಯುತ್ತದೆ. ಮನೆಯ ಖರ್ಚು ಬಲ್ಲವರು ಹೆಂಗಸರು. ಅವರೂ ಕುಳಿತುಕೊಳ್ಳಲಿ.

3. ಪ್ರತಿಯೊಬ್ಬರೂ ಎರಡು ಮಾತು ಹೇಳಬೇಕು: ಕಳೆದ ತಿಂಗಳು ಯಾವ ಖರ್ಚನ್ನು ಉಳಿಸಿದೆ, ಮುಂದಿನ ತಿಂಗಳು ಯಾವ ದೊಡ್ಡ ಖರ್ಚು ಬರಲಿದೆ. ಎರಡನೆಯದೇ ಮುಖ್ಯ. ಆಗಿಹೋದ ಖರ್ಚಿನ ವಿಚಾರಣೆ ಜಗಳಕ್ಕೆ ಮೂಲ, ಬರಲಿರುವ ಖರ್ಚಿನ ಮಾತು ಉಳಿತಾಯಕ್ಕೆ ಮೂಲ.

4. ನಗಬಹುದು, ಗೇಲಿ ಮಾಡಬಾರದು. ಒಬ್ಬರ ಸಾಲದ ಮಾತು ಆ ಪಡಸಾಲೆ ದಾಟಬಾರದು. ಒಮ್ಮೆ ದಾಟಿದರೆ ಮುಂದಿನ ತಿಂಗಳು ಯಾರೂ ಬಾಯಿ ಬಿಡುವುದಿಲ್ಲ.

5. ಸಾಮಾನು ಮಾರುವವರನ್ನೂ ಹಣ ಇಮ್ಮಡಿ ಮಾಡಿಕೊಡುತ್ತೇವೆನ್ನುವವರನ್ನೂ ಸೇರಿಸಬಾರದು. ಉಳಿಸಿದ ಹಣ ಸಂಘದಲ್ಲೋ ಬ್ಯಾಂಕಿನಲ್ಲೋ ಇರಲಿ.

ಮಾತಿಗೆ ಕೆಲವು ವಿಷಯಗಳು

ಯಂತ್ರಗಳು: ಕಳೆ ಕೊಚ್ಚುವ ಯಂತ್ರ ವರ್ಷಕ್ಕೆ ಹದಿನೈದು ದಿನ ದುಡಿದು ಉಳಿದ ದಿನ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತದೆ. ಒಂದಕ್ಕೆ 20,000 ಎಂದಿಟ್ಟುಕೊಂಡರೆ ಹತ್ತು ಮನೆಗೆ ಎರಡು ಲಕ್ಷ. ಎಲ್ಲರಿಗೂ ಒಂದೇ ವಾರ ಬೇಕಾಗುವುದರಿಂದ ಒಂದು ಸಾಲದು, ಆದರೆ ಮೂರು ಸಾಕು. 60,000ದಲ್ಲಿ ಕೆಲಸ ಮುಗಿಯಿತು, ಮನೆಗೆ 14,000 ಉಳಿಯಿತು. ವರ್ಷಕ್ಕೆ ಮನೆಗೆ 500ರಂತೆ ರಿಪೇರಿ ನಿಧಿ ತೆಗೆದಿಡಿ. ಕೂಡು ಸಾಮಾನಿನ ಜಗಳ ಹುಟ್ಟುವುದು ಕೊಳ್ಳುವಾಗ ಅಲ್ಲ, ಕೆಟ್ಟಾಗ. ಅಡಿಕೆಯ ದೋಟಿ, ಸುಲಿಯುವ ಯಂತ್ರ, ಪಲ್ಪರ್‌ಗಳಿಗೂ ಇದೇ ಲೆಕ್ಕ.

ಔಷಧಿ, ಗೊಬ್ಬರ: ಮೈಲುತುತ್ತ, ಸುಣ್ಣಗಳ ಬೇಡಿಕೆಯನ್ನು ಏಪ್ರಿಲ್‌ನಲ್ಲೇ ಕೂಡಿಸಿ ಸಂಘಕ್ಕೆ ಬರೆದುಕೊಟ್ಟರೆ ಒಟ್ಟು ಖರೀದಿಯ ದರ ಸಿಗುತ್ತದೆ. ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ತಲಾ ಒಂದು ಕಿಲೋ ಮೈಲುತುತ್ತ ಮತ್ತು ಸುಣ್ಣ. ಹೊಳೆಯುವ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ನೋಡಿ. ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು. ಒಬ್ಬರು ಬಲ್ಲವರು ಗುಂಪಿನಲ್ಲಿ ತೋರಿಸಿಕೊಟ್ಟರೆ ಹತ್ತು ತೋಟದ ಔಷಧಿ ವ್ಯರ್ಥವಾಗುವುದು ತಪ್ಪುತ್ತದೆ. ಮಣ್ಣು ಪರೀಕ್ಷೆ ಮಾಡಿಸದೆ ಪಕ್ಕದವರು ಹಾಕಿದರೆಂದು ಮೂಟೆ ತರುವುದೂ ವ್ಯರ್ಥ ಖರ್ಚೇ.

ಆಳು: ನಮ್ಮ ಹಿರಿಯರ ಮುಯ್ಯಾಳು ಪದ್ಧತಿ ಪೂರ್ತಿ ಸತ್ತಿಲ್ಲ. ಒಂದೆರಡು ಎಕರೆಯವರು ಕೊಯ್ಲಿನ ದಿನಗಳನ್ನು ಮೊದಲೇ ಕೂಡಿ ಗೊತ್ತುಪಡಿಸಿಕೊಂಡರೆ ಒಬ್ಬರ ಆಳನ್ನು ಇನ್ನೊಬ್ಬರು ಹೆಚ್ಚು ಹಣ ಕೊಟ್ಟು ಎಳೆಯುವುದು ನಿಲ್ಲುತ್ತದೆ.

ಮದುವೆ, ಮುಂಜಿ, ಮನೆ: ಇಲ್ಲಿ ಒಬ್ಬರೇ ಕಡಿಮೆ ಮಾಡಲು ಹೆದರುತ್ತಾರೆ, ಜನ ಏನೆಂದಾರು ಎಂದು. ಆ ‘ಜನ’ ನಾವೇ ಅಲ್ಲವೇ? ಹತ್ತು ಮನೆಯವರು ಕೂಡಿ ‘ಊಟಕ್ಕೆ ಇಷ್ಟು ಬಗೆ ಸಾಕು’ ಎಂದು ಮಾತಾಡಿಕೊಂಡರೆ ಹನ್ನೊಂದನೆಯವರಿಗೂ ಧೈರ್ಯ ಬರುತ್ತದೆ.

ಸಾಲ: ನೂರಕ್ಕೆ ತಿಂಗಳಿಗೆ ಎರಡು ಎಂದರೆ ಸಣ್ಣದಾಗಿ ಕೇಳುತ್ತದೆ. ಒಂದು ಲಕ್ಷಕ್ಕೆ ವರ್ಷಕ್ಕೆ 24,000. ಯಾವ ಸಾಲವಾದರೂ ತಿಂಗಳ ಬಡ್ಡಿಯಲ್ಲಿ ಹೇಳದೆ ವರ್ಷದ ರೂಪಾಯಿಯಲ್ಲಿ ಹೇಳುವ ನಿಯಮವನ್ನು ಗುಂಪಿನಲ್ಲಿ ಇಟ್ಟುಕೊಳ್ಳಿ.

ಇಲ್ಲಿ ಕೈ ಬಿಗಿ ಹಿಡಿಯಬಾರದು

ಉಳಿತಾಯದ ಹುಮ್ಮಸ್ಸಿನಲ್ಲಿ ಕೊಳೆರೋಗದ ಎರಡನೆಯ ಸಿಂಪಡಣೆಯನ್ನು ಬಿಟ್ಟವರು, ಕಾಂಡಕೊರಕ ಹಿಡಿದ ಗಿಡವನ್ನು ಕಿತ್ತು ಸುಡಿಸುವ ಕೂಲಿ ಉಳಿಸಿದವರು ಮರುವರ್ಷ ಅದರ ಹಲವು ಪಟ್ಟು ತೆರುತ್ತಾರೆ. ಬೆಲೆ ಬಂತೆಂದು ನೆರಳಿನ ಮರ ಕಡಿದು ಮಾರುವುದು ವರಮಾನವಲ್ಲ, ಬಂಡವಾಳ ತಿನ್ನುವುದು. ಕೂಲಿಕಾರರ ಕೂಲಿ, ಮಕ್ಕಳ ಓದು, ವೈದ್ಯರ ಖರ್ಚು ಇವುಗಳಲ್ಲಿ ಉಳಿಸಹೋಗುವುದು ಸಲ್ಲದು. ಇಳಕಲ್ಲಿನ ನೇಕಾರ ಸೆರಗಿನ ರೇಷ್ಮೆಯನ್ನು ಉಳಿಸುವುದಿಲ್ಲ ಎಂಬುದನ್ನು ನೆನಪಿಡಬೇಕು.

ಚರ್ಚೆಗೆ ಪ್ರಶ್ನೆಗಳು

1. ಕಳೆದ ಕೊಯ್ಲಿನ ಹಣದಲ್ಲಿ ತೋಟಕ್ಕೆಷ್ಟು, ಮನೆಗೆಷ್ಟು, ಬಡ್ಡಿಗೆಷ್ಟು ಹೋಯಿತು? ಬರೆದು ನೋಡಿ.

2. ನಮ್ಮ ಊರಿನ ಮನೆಗಳಲ್ಲಿ ಹದಿನೈದು ದಿನಕ್ಕಿಂತ ಕಡಿಮೆ ಬಳಸುವ ಯಂತ್ರಗಳು ಎಷ್ಟಿವೆ?

3. ಧಾರಣೆ ಈಗಿನ ಅರ್ಧಕ್ಕೆ ಇಳಿದರೆ ಮೊದಲು ನಿಲ್ಲಿಸುವ ಮೂರು ಖರ್ಚುಗಳು ಯಾವುವು? ಅವನ್ನು ಈಗಲೇ ನಿಲ್ಲಿಸಿದರೆ ಏನಾಗುತ್ತದೆ?

4. ಒಂದು ಸಾಲದ ಮಾತನ್ನು ನೆರೆಯವರ ಮುಂದೆ ಹೇಳಲು ನಮಗೆ ಅಡ್ಡಿಯಾಗಿರುವುದು ಏನು?

ನಾಲ್ಕನೆಯ ಪ್ರಶ್ನೆಯನ್ನು ಕೊನೆಗೆ ತೆಗೆದುಕೊಳ್ಳಿ, ಅದಕ್ಕೆ ಸಾಕಷ್ಟು ಹೊತ್ತು ಕೊಡಿ. ಗುಂಪು ಆರಂಭಿಸಿದ ಊರಿನವರು ಸಂಘದ ಕಚೇರಿಗೆ ತಿಳಿಸಿದರೆ ಲೆಕ್ಕದ ಪುಸ್ತಕವೊಂದನ್ನು ಕಳುಹಿಸಿಕೊಡಲಾಗುವುದು. ಯಾರ ಮನೆಯಲ್ಲಿ ಏನು ಮಾತಾಯಿತೆಂಬ ವರದಿಯನ್ನು ಸಂಘ ಕೇಳುವುದಿಲ್ಲ. ಎಷ್ಟು ಮನೆ ಸೇರಿದವು, ಒಟ್ಟು ಎಷ್ಟು ಉಳಿಯಿತು ಎಂಬುದಿಷ್ಟೇ ಸಾಕು.